ಚೀಟಿಯಲ್ಲಿದ್ದ ಹೆಸರು

ಏನ್ರಿ,

ನೀವು ಹೋದ ಮೇಲೆ ಮೊದಲ ಸಲ ಇವತ್ತು ಕಾತ್ರಜದಿಂದ ಬಸ್ಸು ಹಿಡಿದು ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗೆ ಹೋಗಿದ್ದೆ. ಮನಸ್ಸು ಓದುವ ಆಟ ಕಲಿಸುವ ಪುಸ್ತಕ ಕೇಳಿದೆ. ನಿಮ್ಮ ಪುಸ್ತಕಗಳನ್ನೆಲ್ಲ ನೀವೇ ರದ್ದಿಗೆ ಹಾಕಿದ್ದಿರಲ್ಲ. ನನ್ನ ಮರಾಠಿ ಕೇಳಿ ಅಂಗಡಿಯಾತ ಕನ್ನಡದಲ್ಲೇ ಮಾತಿಗಿಳಿದ.

“ದಪ್ಪನ್ನ ಪುಸ್ತಕ ಬ್ಯಾಡ್ರಿ ಅಕ್ಕಾರ. ಹೊಸದಾಗಿ ಕಲಿಯವ್ರಿಗೆ ಇದು ಸಾಕು,” ಎಂದು ತೆಳ್ಳನೆಯದೊಂದು ಕೊಟ್ಟ. ಮೊದಲ ಪಾಠವೇ ನಿಮ್ಮ ಆಟ: ಚೀಟಿಯಲ್ಲಿ ಮೊದಲೇ ಒಂದು ಹೆಸರು ಬರೆದು ಮಡಚಿಟ್ಟು, ಆಮೇಲೆ ಎದುರಿನವರಿಗೆ ‘ನಿಮಗೆ ಬೇಕಾದವರ ಹೆಸರು ಹೇಳಿ’ ಅನ್ನುವುದು.

“ಯಾವ ಹೆಸರು ಬರೀಬೇಕಂತ ಹೆಂಗ ಗೊತ್ತಾಗ್ತದರಿ?”

ಆತ ನಕ್ಕ. “ಹೊಸಬ್ರು ಮೊದಲ ಹೆಂಡ್ತಿ ಮುಂದ ಮಾಡ್ತಾರ್ರಿ. ತಮ್ಮ ಹೆಸರ ಬರದಿಟ್ಟಿರ್ತಾರ. ಅದು ತಪ್ಪಂಗಿಲ್ಲ.”

ಅವತ್ತು ನೀವು ನನ್ನ ಮುಂದೆ ಚೀಟಿ ಮಡಚಿಟ್ಟು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದೂ ಅದೇ ಹೆಸರು. ಆದರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? “ನಮ್ಮವ್ವ, ಕಾಶವ್ವ,” ಅಂದೆ. ನೀವು ಚೀಟಿ ಬಿಚ್ಚಲೇ ಇಲ್ಲ, ಕಿಸೆಗೆ ಹಾಕಿಕೊಂಡಿರಿ. “ನನಗ ಇದು ಬರಂಗಿಲ್ಲ ಬಿಡು,” ಅಂದಿರಿ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನಿಮ್ಮ ಆಟವಿತ್ತು, ಬರುವುದಿಲ್ಲವೆಂದು ಹೇಳಿ ಕಳಿಸಿದಿರಿ.

ಪುಸ್ತಕ ತಂದಿದ್ದೇನೆ. ನಿಮ್ಮ ಫೋಟೋದ ಕೆಳಗಿದೆ.

ನಿಮ್ಮ ಹೆಸರನ್ನು ನಾನು ಮೊದಲ ಸಲ ಹೇಳಿದ್ದು ಶವಾಗಾರದ ಕಿಟಕಿಯಲ್ಲಿ. ಒಳಗಿದ್ದ ಗುಮಾಸ್ತ ಯಾರನ್ನು ಒಯ್ಯಬೇಕೆಂದು ಕೇಳಿದ. ಮುರುಗೆಪ್ಪ, ಅಂದೆ. ಜೋರಾಗಿ ಹೇಳಿ ಎಂದ. ಜೋರಾಗಿ ಹೇಳಿದೆ.