ಅರ್ಜಿ ವಾಪಸ್ಸು ಪಡೆಯುವುದಿಲ್ಲ, ಎರ್ಮೆಕ್

ಎರ್ಮೆಕ್, ನನ್ನ ಎದೆಹಾಲು ಕುಡಿದು ಬೆಳೆದವನೇ,

ನಿನ್ನೆ ಮಧ್ಯಾಹ್ನ ನಿನ್ನ ಹೆಂಡತಿ ನುರ್ಗಿಜಾ ಬಂದಿದ್ದಳು. ಬಟ್ಟಲ ಮೇಲೆ ಬಟ್ಟಲು ಚಹಾ ಕುಡಿದಳು, ಈ ಸಲ ಹಿಮ ಬೇಗ ಬೀಳುತ್ತದೆಂದಳು, ನನ್ನ ಹಸುವಿನ ಕುಂಟು ಕಾಲನ್ನು ವಿಚಾರಿಸಿದಳು. ಕೊನೆಗೆ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದಳು: "ಅಪಾ, ನನ್ನಮ್ಮಾ, ಆ ಅರ್ಜಿ ವಾಪಸ್ ತಗೊಳ್ಳಿ ಅಂತ ಅವರು ಕೇಳ್ಕೊಂಡಿದಾರೆ. ಹಾಲು ಕೊಟ್ಟ ತಾಯಿನೇ ಮಗನ್ನ ತಪಾಸಣೆಯವರ ಕೈಗೆ ಕೊಡ್ತಾಳಾ ಅಂತ ಒಂದೇ ಸಮ ಕೊರಗ್ತಿದಾರೆ." ಅವಳ ಮೇಲೆ ನನಗೆ ಸಿಟ್ಟಿಲ್ಲ. ಬರಬೇಕಾಗಿದ್ದವನು ನೀನು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಸೇಬಿನ ತೋಟ ಮಾತ್ರ. ನೀನು ಅದನ್ನು ದಾಟಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಎದುರು ಕೂತಿದ್ದರೆ ಕೈ ಹಿಡಿದು ಏನೇನೋ ಹೇಳಿ ನನ್ನನ್ನು ನಗಿಸಿಬಿಡುತ್ತಿದ್ದೆ. ಕಾಗದವನ್ನು ನಗಿಸಲು ನಿನ್ನಿಂದ ಆಗದು.

ಇಲ್ಲ. ಅರ್ಜಿ ವಾಪಸ್ಸು ಪಡೆಯುವುದಿಲ್ಲ.

ನೀನು ಹುಟ್ಟಿದ ವಾರವೇ ನಿನ್ನ ತಾಯಿ ಸೋನುನ್ ಜ್ವರಕ್ಕೆ ಬಿದ್ದಳು. ಅವಳ ಎದೆ ಬತ್ತಿತು. ಆಗ ನನ್ನ ಚೋಲ್ಪಾನ್ ಕೈಕೂಸು. ಒಂದು ಕಡೆ ಅವಳು, ಇನ್ನೊಂದು ಕಡೆ ನೀನು. ನಿನ್ನದು ಎಂಥ ಹಸಿವು ಅಂತೀಯಾ, ಅವಳ ಪಾಲನ್ನೂ ಒದ್ದು ಕಿತ್ತುಕೊಳ್ಳುತ್ತಿದ್ದೆ! ಅಂದಿನಿಂದ ನಮ್ಮ ಪದ್ಧತಿಯಂತೆ ನೀನು ನನ್ನ ಮಗ, ಚೋಲ್ಪಾನ್‌ಳ ತಮ್ಮ. ಇದನ್ನು ನಾನು ಯಾವತ್ತೂ ಉಪಕಾರವೆಂದು ಎಣಿಸಿಲ್ಲ. ನೀನು ಊರಿನ ಮುಖ್ಯಸ್ಥನಾದ ದಿನ ಸಭಾಭವನದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನು. ಅಂದು ವೇದಿಕೆಯ ಮೇಲೆ ನಿಂತು ನೀನೇ ಹೇಳಿದೆ: "ನನ್ನ ಮೊದಲನೇ ಕೆಲಸ ಸೇತುವೆ. ಆಚೆ ದಂಡೆಯೋರು ಇನ್ನು ದೇವರ ಹೆಸರು ಹೇಳ್ಕೊಂಡು ಹೊಳೆ ದಾಟೋದು ಬೇಡ." ನನ್ನ ಕಣ್ಣು ತುಂಬಿ ಬಂದಿತ್ತು.

ಆ ಸೇತುವೆಯ ಗತಿ ನಿನಗೆ ಗೊತ್ತು. ಸಾಮೂಹಿಕ ಬೇಸಾಯದ ಕಾಲದಲ್ಲಿ ಕಟ್ಟಿದ್ದು. ಉಕ್ಕಿನ ಹಗ್ಗ ಇನ್ನೂ ಗಟ್ಟಿ, ಹಲಗೆಗಳು ಮಾತ್ರ ಮುದುಕರ ಹಲ್ಲಿನಂತೆ ಒಂದಿದ್ದರೆ ಒಂದಿಲ್ಲ. ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲ ಈಚೆ. ಅರ್ಧ ಊರು ಆಚೆ. ಸೇತುವೆಗೆಂದು ಹಣ ಬಂತು. ಬಂದದ್ದನ್ನು ನೀನೇ ಪಂಚಾಯಿತಿಯ ಬಾಗಿಲಿಗೆ ಅಂಟಿಸಿದ್ದೆ, ಊರೆಲ್ಲ ಓದಿತು. ಆಮೇಲೆ ಈ ವರ್ಷದ ಶರತ್ಕಾಲದ ಕುದುರೆ ಪಂದ್ಯಕ್ಕೆ ಪ್ರಾಂತ್ಯದ ಗವರ್ನರ್ ಬರುತ್ತಾರೆಂಬ ಸುದ್ದಿ ಬಂತು. ಹಲಗೆಗಳ ಬದಲು ಸಿಮೆಂಟಿನ ಮೂಟೆಗಳು ಬಂದಿಳಿದವು. ಊರ ಬಾಗಿಲಲ್ಲಿ ಕಮಾನು ಎದ್ದಿತು, ಅದರ ಎರಡೂ ಬದಿಗೆ ಎರಡು ಹಿಮಚಿರತೆಗಳು. ಚಿರತೆ ಅಂತ ನೀನು ಹೇಳಿದ್ದಕ್ಕೆ ನಾವು ನಂಬಿದೆವು. ಹೆಂಗಸರು ಅವನ್ನು ಈಗಲೂ "ಎರ್ಮೆಕ್‌ನ ಬೆಕ್ಕುಗಳು" ಅನ್ನುತ್ತಾರೆ. ಅವುಗಳ ಮುಂದೆ ಕೆಂಪು ಹೂವಿನ ಪಾತಿ, ಅದಕ್ಕೆ ದಿನವೂ ನೀರು ಹಾಕಲು ಒಬ್ಬ ಆಳು.

ಆಗಲೂ ನಾನು ಸುಮ್ಮನಿದ್ದೆ. ಮಗ ಚಿಕ್ಕವನು, ದೊಡ್ಡವರ ಕಣ್ಣಿಗೆ ಬೀಳುವ ಆಸೆ, ಮುಂದಿನ ಕಂತಿನಲ್ಲಿ ಸರಿಮಾಡುತ್ತಾನೆ ಅಂದುಕೊಂಡೆ.

ಹಿಮ ಕರಗಿ ಹೊಳೆ ಉಕ್ಕಿದಾಗ ಆಚೆ ದಂಡೆಯ ಗುಲ್ಜೀನಾಗೆ ಹೆರಿಗೆ ನೋವು ಶುರುವಾಯಿತು. ಈಚೆ ದಂಡೆಯಲ್ಲಿ ನರ್ಸು ಚೋಲ್ಪಾನ್ ಚೀಲ ಹಿಡಿದು ನಿಂತಿದ್ದಳು. ನಡುವೆ ಹೊಳೆ, ಹೊಳೆಯ ಮೇಲೆ ಉಕ್ಕಿದ ನೀರು ಬಡಿಯುತ್ತಿದ್ದ, ಅರ್ಧ ಹಲಗೆ ಉದುರಿದ ಸೇತುವೆ. ಇವಳು ಇಲ್ಲಿಂದ ಕೂಗುತ್ತಾಳೆ, ನೀರಿನ ಸದ್ದಿಗೆ ಅವರಿಗೇನೂ ಕೇಳಿಸದು. ಕೊನೆಗೆ ಗುಲ್ಜೀನಾಳನ್ನು ಹುಲ್ಲಿನ ಲಾರಿಗೆ ಹತ್ತಿಸಿ ಕಣಿವೆಯನ್ನೆಲ್ಲ ಸುತ್ತಿಕೊಂಡು ಹೊರಟರು. ದಾರಿಯಲ್ಲೇ, ಹುಲ್ಲಿನ ಹೊರೆಗಳ ನಡುವೆ, ಅತ್ತೆಯ ಕೈಯಲ್ಲಿ ಹೆಣ್ಣುಮಗು ಹುಟ್ಟಿತು. ಎಷ್ಟು ರಕ್ತ ಹೋಗಿತ್ತೆಂದರೆ ಆ ಹುಡುಗಿ ತಿಂಗಳುಗಟ್ಟಲೆ ಗೋಡೆ ಹಿಡಿದೇ ನಡೆದಳು. ನಾನು ನಿನ್ನ ಕಚೇರಿಗೆ ಓಡಿ ಬಂದೆ. ನೀನು ಏನು ಹೇಳಿದೆ, ನೆನಪಿದೆಯಾ? "ತಾಯಿ ಮಗು ಇಬ್ರೂ ಉಳ್ಕೊಂಡ್ರಲ್ಲ ಅಪಾ. ಏನೂ ಆಗ್ಲಿಲ್ವಲ್ಲ."

ಏನೂ ಆಗಲಿಲ್ಲ! ಆ ಒಂದು ಮಾತು ನನ್ನನ್ನು ಎಬ್ಬಿಸಿ ನಿಲ್ಲಿಸಿತು, ಎರ್ಮೆಕ್. ಯಾರಾದರೂ ಸತ್ತಿದ್ದರೆ ಸೇತುವೆ ಆಗುತ್ತಿತ್ತೇನು? ಯಾರನ್ನು ಕೊಡಬೇಕಾಗಿತ್ತು ನಾವು?

ವಾರ್ಷಿಕ ವರದಿಯ ಸಭೆಯಲ್ಲಿ ಎದ್ದು ಕೇಳಿದೆ: "ಸೇತುವೆಗೆ ಬಂದ ದುಡ್ಡು ಕಮಾನಿಗೆ ಹೋಗಿದ್ದು ಯಾರನ್ನ ಕೇಳಿ?" ನೀನು ಮೈಕಿನ ಹಿಂದಿನಿಂದ ಮುದ್ದಾಗಿ ನಕ್ಕೆ. "ಅಪಾ, ಮನೇಲಿ ಮಾತಾಡೋಣ." ಸಭೆಯೂ ನಕ್ಕಿತು. ಹಿರಿಯ ತೊಕ್ತೊಸುನ್ ಗಡ್ಡ ನೀವುತ್ತ, "ಕೂತ್ಕೊಳ್ಳಮ್ಮಾ ಬುರುಲ್, ಊರಿನ ಮಾನ ನಾಲ್ಕು ಜನರ ಮುಂದೆ ಯಾಕೆ ಕಳೀತೀಯ" ಅಂದರು. ನಾನು ಕೂರಲಿಲ್ಲ. "ಸೇತುವೆ ನನ್ನ ಮನೇಲಿಲ್ಲ, ಹೊಳೆ ಮೇಲಿದೆ. ಅದರ ಮಾತು ಇಲ್ಲೇ ಆಗ್ಲಿ" ಅಂದೆ. ಮೈಕು ಬಂದಾಯಿತು.

ಮರುದಿನ ಬೆಳಿಗ್ಗೆ ನನ್ನ ಬೇಲಿಗೆ ಕೊಬ್ಬಿದ ಬಾಲದ ಕುರಿಯೊಂದನ್ನು ಕಟ್ಟಲಾಗಿತ್ತು. ಯಾರು ಕಳಿಸಿದ್ದೆಂದು ಕೇಳುವ ಅಗತ್ಯವೇ ಇರಲಿಲ್ಲ. ಅದರ ಕಿವಿಯ ಗುರುತು ನಿನ್ನ ಹಿಂಡಿನದು. ಹಗ್ಗ ಬಿಚ್ಚಿಕೊಂಡು ದೊಡ್ಡ ಬೀದಿಯ ನಟ್ಟನಡುವೆ ನಡೆದೆ. ಅಂಗಡಿಯ ಝಿಪಾರ್ ಕೂಗಿದಳು: "ಬುರುಲ್ ಅಕ್ಕಾ, ಕುರಿ ಮಾರೋಕಾ?" "ಕುರೀನೂ ಮಾರೋಕಲ್ಲ, ನನ್ನನ್ನೂ ಮಾರೋಕಲ್ಲ. ಅದನ್ನೇ ಹೇಳೋಕೆ ಹೊರಟಿದೀನಿ!" ನಿನ್ನ ಕಚೇರಿಗೆ ಬೀಗ ಹಾಕಿತ್ತು. ಹಾಗಾಗಿ ಕುರಿಯನ್ನು ನಿನ್ನ ಬೆಕ್ಕೊಂದರ ಕಾಲಿಗೆ ಕಟ್ಟಿ ಬಂದೆ. ನೀನು ಬರುವಷ್ಟರಲ್ಲಿ ಆ ಪಾತಿಯ ಕೆಂಪು ಹೂವೆಲ್ಲ ಅದರ ಹೊಟ್ಟೆ ಸೇರಿತ್ತು. ಅದು ನನ್ನ ಉದ್ದೇಶವಾಗಿರಲಿಲ್ಲ. ಆದರೆ ಬೇಸರವಾಯಿತೆಂದೂ ಹೇಳಲಾರೆ.

ಇಷ್ಟಕ್ಕೇ ನಿಂತಿದ್ದರೆ ನಮ್ಮಿಬ್ಬರದು ಮುನಿಸಾಗಿ ಮುಗಿಯುತ್ತಿತ್ತು. ಆದರೆ ನಿನ್ನ ಸಹಾಯಕ ಆಸ್ಪತ್ರೆಗೆ ಹೋಗಿ ಚೋಲ್ಪಾನ್‌ಗೆ ಅಂದನಂತೆ: "ನಿಮ್ಮ ಕೆಲಸದ ಕರಾರು ಮುಗೀತಾ ಬಂತು. ಅಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ." ನೀನು ಹೇಳಿಸಿದೆಯೋ, ಅವನೇ ಹೇಳಿದನೋ ಗೊತ್ತಿಲ್ಲ, ತಡೆಯಲಂತೂ ಇಲ್ಲ. ನಿನ್ನ ಅಕ್ಕ ಅವಳು. ನಾನು ಅವಳ ಮುಂದೆ ಕೂತು ಕೇಳಿದೆ, "ನಿಲ್ಲಿಸಿಬಿಡ್ಲಾ ಮಗಳೇ?" ಅವಳು ಸಿರಿಂಜು ತೊಳೆಯುತ್ತ ತಲೆಯನ್ನೂ ಎತ್ತಲಿಲ್ಲ. "ಅವತ್ತು ಹೊಳೆ ದಡದಲ್ಲಿ ನಿಂತಿದ್ದು ನೀನಲ್ಲಮ್ಮ, ನಾನು. ನಿಲ್ಲಿಸಿದ್ರೆ ನಾನೇ ನಿನ್ನ ಹತ್ರ ಮಾತು ಬಿಡ್ತೀನಿ."

ಅಂದು ಸಂಜೆ, ಸೇತುವೆಯ ಹಣದ ಲೆಕ್ಕ ನೋಡಿ ಅಂತ ತಪಾಸಣೆಯವರಿಗೆ ಅರ್ಜಿ ಬರೆದೆವು. ಎರಡೂ ದಂಡೆಯ ಹೆಂಗಸರು ಸಹಿ ಹಾಕಿದರು. ಹೆದರಿ ಹಾಕದವರೂ ಇದ್ದರು, ಅವರ ಹೆಸರು ಹೇಳುವುದಿಲ್ಲ. ಹೆದರಿಕೆ ಅವರ ತಪ್ಪಲ್ಲ.

ಇನ್ನು ಗವರ್ನರ್ ಬಂದ ದಿನದ ವಿಷಯ. ಯುರ್ತಾ ಗುಡಾರ ಹಾಕಿ, ಹಿಟ್ಟಿನ ಬೊರ್ಸೊಕ್ ಕರಿದು, ಚಹಾ ಕಾಯಿಸಿ ಅಂತ ನಮಗೆ ಅಪ್ಪಣೆಯಾಗಿತ್ತು. ಅಪ್ಪಣೆ ಮೀರಲಿಲ್ಲ ನಾವು. ಗುಡಾರ ಹಾಕಿದೆವು, ಬುಟ್ಟಿ ತುಂಬ ಕರಿದೆವು, ಸಮೋವರ್ ಉರಿಸಿದೆವು. ಆದರೆ ಪಂದ್ಯದ ಬಯಲಿನಲ್ಲಲ್ಲ, ಸೇತುವೆಯ ಬುಡದಲ್ಲಿ. ಕಾರುಗಳು ನಿನ್ನ ಕಮಾನಿನಡಿ ತೂರಿ ಬಯಲಿಗೆ ಹೋದವು. ಅಲ್ಲಿ ಹೊಗೆಯಿಲ್ಲ, ಊಟವಿಲ್ಲ, ಒಂದು ಹೆಂಗಸಿಲ್ಲ. ಎಣ್ಣೆಯ ವಾಸನೆ ಮಾತ್ರ ಹೊಳೆಯ ಕಡೆಯಿಂದ ಬರುತ್ತಿತ್ತು. ನೀನೇ ಅವರನ್ನು ನಮ್ಮಲ್ಲಿಗೆ ಕರೆತರಬೇಕಾಯಿತು. ನಿನ್ನ ಹಣೆಯಲ್ಲಿ ಬೆವರು ನೋಡಿ ಒಂದು ಗಳಿಗೆ ಅಯ್ಯೋ ಅನಿಸಿತು. ಸುಳ್ಳು ಹೇಳುವುದಿಲ್ಲ.

ಆಗ ಆಚೆ ದಂಡೆಯಲ್ಲಿ ಗುಲ್ಜೀನಾ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ನಿಂತಳು. ನೀರು ಇಳಿದಿದ್ದರಿಂದ ಅವಳ ದನಿ ಸ್ಪಷ್ಟವಾಗಿ ಕೇಳಿತು: "ಸಾಹೇಬ್ರೇ, ನಮ್ಮಲ್ಲೂ ಚಹಾ ಇದೆ, ಈ ಕಡೆಗೂ ಬನ್ನಿ! ನಾವು ದಿನಾ ಬರೋ ದಾರೀನೇ ಇದು!" ಗವರ್ನರ್ ಮಾನಕ್ಕೆ ಅಂಜಿ ಮೊದಲ ಹಲಗೆಯ ಮೇಲೆ ಕಾಲಿಟ್ಟರು. ಅದು ಕಿರ್ರೆಂದಿತು. ಕಾಲು ಹಿಂದೆ ತೆಗೆದರು. ಯಾರೂ ನಗಲಿಲ್ಲ. ಅವರು ನಿನ್ನನ್ನು ನೋಡಿದರು, ನೀನು ಹೊಳೆಯನ್ನು ನೋಡಿದೆ.

ನಿನ್ನ ಮನೆಯ ಮಾಡು ಇನ್ನೂ ಹಳೆಯ ತಗಡಿನದೇ. ಸೇತುವೆಯ ಹಣದಲ್ಲಿ ಒಂದು ಕಾಸೂ ನಿನ್ನ ಜೇಬಿಗೆ ಹೋಗಿಲ್ಲವೆಂದೇ ನಂಬಿದ್ದೇನೆ, ತಪಾಸಣೆಯವರ ಮುಂದೆಯೂ ಹಾಗೆಯೇ ಹೇಳುತ್ತೇನೆ. ನಿನ್ನ ತಪ್ಪು ಬೇರೆ. ಕಾರಿನ ಕಿಟಕಿಯಿಂದ ಒಬ್ಬ ಮನುಷ್ಯ ಒಮ್ಮೆ ಹಾಯಿಸುವ ನೋಟ ನಿನಗೆ ದೊಡ್ಡದಾಯಿತು. ದಿನವೂ ಹೊಳೆ ದಾಟುವ ಕಾಲುಗಳು ಸಣ್ಣವಾದವು. ಆ ಹಣ ನಿನ್ನದಲ್ಲ, ಗವರ್ನರರದ್ದೂ ಅಲ್ಲ. ಝಿಪಾರ್ ಮಾರುವ ಸಕ್ಕರೆಯ ತೆರಿಗೆಯಿಂದ, ನಮ್ಮ ಗಂಡುಮಕ್ಕಳು ದೂರದೇಶದಲ್ಲಿ ಇಟ್ಟಿಗೆ ಹೊತ್ತು ಕಳಿಸಿದ್ದನ್ನು ನಾವಿಲ್ಲಿ ಖರ್ಚು ಮಾಡಿದ್ದರಿಂದ ಹುಟ್ಟಿದ ಹಣ ಅದು. ನನ್ನ ಮನೆಯ ಹಿಟ್ಟನ್ನು ಯಾರಿಗೆ ಕೊಟ್ಟೆನೆಂದು ಮಗಳು ಕೇಳಿದರೆ ನಾನು ಹೇಳುತ್ತೇನೆ. ನೀನು ಊರಿಗೆ ಹೇಳಲು ಯಾಕೆ ಇಷ್ಟು ಹಿಂಜರಿಯಬೇಕು?

ಕಳೆದ ಶುಕ್ರವಾರದ ಊರ ಸಭೆಗೆ ನೀನು ಮೈಗೆ ಹುಷಾರಿಲ್ಲವೆಂದು ಬರಲಿಲ್ಲ. ನಿರ್ಧಾರ ನುರ್ಗಿಜಾಳಿಂದ ತಿಳಿದಿರುತ್ತದೆ, ಆದರೂ ನನ್ನ ಕೈಯಿಂದ ಬರೆಯುವ ಖುಷಿಗೆ ಬರೆಯುತ್ತೇನೆ. ಕಮಾನಿಗೆ ದೀಪ ಹಾಕಲು ಉಳಿಸಿಟ್ಟ ಹಣ ಹಲಗೆಗೆ ಹೋಗುತ್ತದೆ. ಪ್ರತಿ ಋತುವಿಗೊಮ್ಮೆ ಖರ್ಚನ್ನು ಊರ ಮುಂದೆ ಗಟ್ಟಿಯಾಗಿ ಓದಬೇಕು, ಪ್ರಶ್ನೆಗೆ ನಿಂತು ಉತ್ತರಿಸಬೇಕು. ಚೋಲ್ಪಾನ್‌ಳ ಕರಾರು ಮುಂದುವರಿಯುತ್ತದೆ. ಮೊದಲು ಕೈ ಎತ್ತಿದವರು ಯಾರು ಗೊತ್ತಾ? ತೊಕ್ತೊಸುನ್! "ನಮ್ಮ ಮೊಮ್ಮಗಳೂ ಆ ಕಡೇನೇ ಇದಾಳೆ" ಅಂತ ಗೊಣಗುತ್ತ ಎತ್ತಿದರು.

ಆದರೂ ಅರ್ಜಿ ಯಾಕೆ ಅನ್ನುತ್ತೀ. ನೀನು ಹೋದ ಮೇಲೆ ಇನ್ನೊಬ್ಬ ಬರುತ್ತಾನೆ, ಅವನಿಗೆ ನಾನು ಹಾಲು ಕೊಟ್ಟಿರುವುದಿಲ್ಲ. ಕೇಳುವವರಿದ್ದಾರೆ ಅನ್ನುವುದು ಅವನಿಗೂ ಮೊದಲೇ ಗೊತ್ತಿರಲಿ. ತಪಾಸಣೆಯವರು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳು. ಕೆಲಸ ಹೋದರೆ ಹೋಗಲಿ, ನನ್ನ ಮನೆಯಲ್ಲಿ ನಿನ್ನ ತಟ್ಟೆ ಹೋಗುವುದಿಲ್ಲ.

ಸೋಮವಾರ ಹಲಗೆಗಳು ಬರುತ್ತವೆ. ಎರಡೂ ದಡದಿಂದ ಬಡಿಯುತ್ತ ಹೋಗಿ ಹೊಳೆಯ ನಡುವೆ ಕೂಡುವುದೆಂದು ಮಾತಾಗಿದೆ. ನೀನೂ ಬಾ. ಗೌರವದ ಚಪಾನ್ ನಿಲುವಂಗಿ ಹೊದಿಸಿಕೊಂಡು ಭಾಷಣ ಮಾಡಲು ಅಲ್ಲ, ಸುತ್ತಿಗೆ ಹಿಡಿಯಲು. ನೀನು ಬಂದರೆ ಕೆಲಸ ಸ್ವಲ್ಪ ಬೇಗ ಮುಗಿಯುತ್ತದೆ. ಬರದಿದ್ದರೂ ಮುಗಿಯುತ್ತದೆ.

ಮೈ ಗಟ್ಟಿಯಿರಲಿ, ನಾಲಿಗೆ ನೇರವಿರಲಿ, ನಿನ್ನ ದಾರಿ ಬೆಳ್ಳಗಿರಲಿ, ಮಗನೇ.

ಅರ್ಜಿಗೆ ಮೊದಲ ಸಹಿ ಹಾಕಿದವಳು,
ಬುರುಲ್