ಭಂಡಾರದ ತಾಟು

ಗುಂಜೋಟಿ
ಭಾನುವಾರ

ಶೀತಲಳ ಅಪ್ಪನಿಗೆ ನಮಸ್ಕಾರ.

ಕುರಿ ಹೊಡೆದುಕೊಂಡು ನಿಲಂಗಾ ಕಡೆ ಹೊರಡುವಾಗ, ‘ಹುಡಿಗಿನ್ನ ಸಾಲಿ ಬಿಡಿಸಿ ಮನ್ಯಾಗ ಏನ್ ಕಲಸ್ತಿ ನೀ?’ ಎಂದು ಸಿಟ್ಟಾದಿರಿ. ನಿಮ್ಮ ಸಿಟ್ಟು ನಿಮಗೆ, ನನ್ನ ಚಿಂತೆ ನನಗೆ. ಇವಳಿಗೆ ಅಕ್ಷರ ಗುರುತಿಸುವುದಷ್ಟೇ ಕಷ್ಟ, ಬುದ್ಧಿಗೇನೂ ಕಮ್ಮಿಯಿಲ್ಲ ಎಂದು ಉದಗೀರದ ಡಾಕ್ಟರು ಹೇಳಿದರು. ಇಂಥ ಮಕ್ಕಳಿಗೆಂದೇ ಮಾಡಿದ ಪುಸ್ತಕಗಳನ್ನೂ ತೋರಿಸಿದರು: ಇಂಗ್ಲಿಷ್ ಸ್ಪೆಲ್ಲಿಂಗಿನದು, ಮರಾಠಿ ವ್ಯಾಕರಣದ್ದು, ಕನ್ನಡ ಓದಿನದು. ಬೆಳಿಗ್ಗೆ ಒಂದು ಸರಿ ಅನ್ನಿಸಿದರೆ ಸಂಜೆಗೆ ಇನ್ನೊಂದು. ಕುಂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಮನೆಮಾತಿನಲ್ಲೇ ಮೊದಲು ಓದಲಿ ಎಂದು ಕನ್ನಡದ್ದು ಹಿಡಿದೆ. ಉಳಿದವು ಆಮೇಲೆ.

ಅಕ್ಷರವನ್ನು ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ ಎಂದು ಆ ಪುಸ್ತಕದಲ್ಲಿದೆ. ಇವಳು ಬೀರಪ್ಪ ದೇವರ ಮುಂದಿನ ತಾಟಿನಲ್ಲಿ, ಅರಿಶಿಣ ಪುಡಿಯ ಭಂಡಾರದಲ್ಲೇ ತಿದ್ದಿದಳು. ‘ದೇವರ ಭಂಡಾರದಾಗ ಆಟ ಆಡ್ತಿ ಏನ?’ ಎಂದು ಅತ್ತೆ ಬೈದರು. ಈಗ ದಿನಾ ತಾವೇ ತಾಟು ತಂದು ಇವಳ ಮುಂದೆ ಇಡುತ್ತಾರೆ.

ಶಾಲೆಯಲ್ಲಿ ಏನಾಯಿತೆಂದು ಇಲ್ಲಿ ಬರೆಯಲಾರೆ. ನೀವು ಮನೆಗೆ ಬಂದಾಗ ಹೇಳುತ್ತೇನೆ.

ಈ ಸಲ ಪತ್ರ ಓದಿ ಹೇಳಲು ನಿಮ್ಮ ಜೊತೆಯ ಧೂಳಪ್ಪ ಬೇಡವೆಂದು, ಶೀತಲಳನ್ನೇ ಅತ್ತೆಯ ಜೊತೆ ಕಳಿಸಿದ್ದೇನೆ. ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಬರೆದಿದ್ದೇನೆ. ಅವಳು ತಡವರಿಸಿದಾಗ ನೀವು ನಡುವೆ ಬಾಯಿ ಹಾಕಲಿಲ್ಲ ತಾನೇ?

ಇಷ್ಟು ಓದುವಷ್ಟರಲ್ಲಿ ಗಂಟಲು ಒಣಗಿರುತ್ತದೆ. ಮೊದಲು ನಿಮ್ಮ ಮಗಳಿಗೆ ನೀರು ಕೊಡಿ.

ನಿಮ್ಮ
ರುಕ್ಮಾಬಾಯಿ