ವೈರ್‌ಲೆಸ್ ಅಲ್ಲ, ಬೇಸ್ ಗಿಟಾರ್

೩–೨–೧೯೭೬

ಠಾಣಾಧಿಕಾರಿಗಳ ಸನ್ನಿಧಾನಕ್ಕೆ,

ಆತಗೂರಿನ ನಿವೃತ್ತ ನಕಲು ಗುಮಾಸ್ತ ತಿರುಮಲಾಚಾರ್ಯನ ವಿನಯಪೂರ್ವಕ ಅರಿಕೆ.

ತುರ್ತುಪರಿಸ್ಥಿತಿಯಲ್ಲಿ ತಮ್ಮ ಅನುಮಾನ ಸಹಜ. ಆದರೆ ನಿನ್ನೆ ತಾವು ಕರೆದೊಯ್ದ ನನ್ನ ಮಗ ಚಲುವನಾರಾಯಣ, ತನ್ನ ಮೆಚ್ಚಿನ ವಾದಕನ ಬೇಸ್ ಗಿಟಾರೆಂಬ ವಿದ್ಯುತ್ ತಂತಿವಾದ್ಯದ ಚಿತ್ರ ನೋಡಿ, ಹಲಸಿನ ಹಲಗೆ, ಅಯಸ್ಕಾಂತ, ತಾಮ್ರದ ತಂತಿಗಳಿಂದ ಅಂಥದೇ ಒಂದನ್ನು ಕಟ್ಟುತ್ತಿದ್ದನಷ್ಟೆ. ಪೇದೆ ಹೊನ್ನಯ್ಯನವರು, "ಇದು ವೈರ್‌ಲೆಸ್ಸು ಕಣ್ ಸಾಮಿ, ನಮ್ ಕಿವಿಗೇ ಊವ ಮಡುಗ್ತೀರಾ?" ಎಂದರು.

ಗುಪ್ತ ಸಂಕೇತವೆಂದು ತಾವು ವಶಪಡಿಸಿಕೊಂಡ ಅಂಕಿಗಳ ಹಾಳೆಯಲ್ಲಿರುವುದು ವೀಣೆಗಿರುವಂತೆ ಗಿಟಾರಿಗೂ ಇರುವ ಮೆಟ್ಟಿಲುಗಳ ಅಳತೆ. ಅದನ್ನು ತಾನೇ ಬರೆದೆನೆಂದು ಮಗ ಒಪ್ಪಿಕೊಂಡನಂತೆ. ಆ ಮಾತು ಸುಳ್ಳು. ಅವನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಅಂದವಾಗಿ ನಕಲು ಮಾಡಿಕೊಟ್ಟವನು ನಾನು. ಈ ಅರ್ಜಿಯ ಕೈಬರಹದೊಡನೆ ಹೋಲಿಸಬಹುದು.

ಅವನನ್ನು ಬಿಟ್ಟು ನನ್ನನ್ನು ಒಳಗೆ ಕರೆಸಿಕೊಳ್ಳಬೇಕೆಂದು ಪ್ರಾರ್ಥನೆ. ಬದಲಿ ಪಂಚೆಯೊಂದನ್ನು ತಂದುಕೊಂಡು ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೇನೆ.

ತಮ್ಮ ಅಪ್ಪಣೆಗೆ ಕಾದಿರುವ,
ತಿರುಮಲಾಚಾರ್ಯ